ಮುಂಡಪ್ಪ ಶೆಟ್ಟರ ಸರಕಾರಿ ಬೇಳೆ

ಭೂಮಿತಾಯಿ ಸಹನೆಯ ಮೂರ್ತಿ ಎಂದು ಹಿರಿಯರು ಹೇಳುತ್ತಾರೆ. ನೇಗಿಲು, ಹಾರೆ, ಕೋಣನ ಗೊರಸು ಇವನ್ನೆಲ್ಲ ಸಹಿಸುವುದು ಅಂಥ ದೊಡ್ಡ ಸಂಗತಿಯಲ್ಲ. ಕಲ್ಲಬೈಲಿನ ಮುಂಡಪ್ಪ ಶೆಟ್ಟರಂಥವರನ್ನು ವರ್ಷವಿಡೀ ಬೆನ್ನ ಮೇಲೆ ಹೊತ್ತುಕೊಂಡೂ ಒಮ್ಮೆಯೂ ಮೈ ಕುಲುಕಿಸಿ ನಗದೆ ಇದ್ದಾಳಲ್ಲ, ಆ ಸಹನೆ ದೊಡ್ಡದು. ಅದಕ್ಕೊಂದು ನಮಸ್ಕಾರ ಹಾಕಿಯೇ ಈ ಕಥೆಗೆ ಇಳಿಯಬೇಕು.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಲ್ಲಿ ಬಸ್ಸಿನಿಂದಿಳಿದು ಬಲಗಡೆಯ ಗುಡ್ಡೆ ದಾಟಿದರೆ ಕಲ್ಲಬೈಲು. ನಮ್ಮ ಜಿಲ್ಲೆ ಮದರಾಸಿನ ಕೈಯಿಂದ ಮೈಸೂರಿನ ಕೈಗೆ ಬಂದು ನಾಲ್ಕೈದು ವರ್ಷವಾಗಿದ್ದ ಕಾಲ ಅದು. ಮುಂಡಪ್ಪ ಶೆಟ್ಟರು ಆ ಊರಿಗೆ ಹುಟ್ಟಿ ಬಂದವರಲ್ಲ, ಮದುವೆಯಾಗಿ ಬಂದವರು. ಅಳಿಯಕಟ್ಟಿನ ಮನೆ, ಗದ್ದೆ, ತೆಂಗು, ಮಾತು ಎಲ್ಲವೂ ಹೆಣ್ಣಿನ ಕಡೆಗೆ. ಮನೆಗೆ ಹಿರಿಯಳು ಅತ್ತೆ ದುಗ್ಗಮ್ಮ ಶೆಡ್ತಿ. ಯಜಮಾನಿಕೆ ಅವಳ ಮಗ ಶಂಭು ಶೆಟ್ಟರದು. ಮಗಳು ಕಾಂತಿ, ಮುಂಡಪ್ಪ ಶೆಟ್ಟರ ಹೆಂಡತಿ. ಇಂಥ ಮನೆಯಲ್ಲಿ ಗಂಡನೆಂದರೆ ಊಟದ ಹೊತ್ತಿಗೆ ಎಲೆ ಹಾಕಿಸಿಕೊಂಡು, ಜಗಳದ ಹೊತ್ತಿಗೆ ಅಂಗಳಕ್ಕೆ ಇಳಿಯುವ ಖಾಯಂ ನೆಂಟ. ಸ್ವಂತ ಉಳಲಿಕ್ಕೆ ಒಂದು ಗದ್ದೆ ಇದ್ದರೆ ಅವನು ಮನುಷ್ಯ. ಇಲ್ಲದಿದ್ದರೆ ಊರವರ ಬಾಯಲ್ಲಿ ‘ಕಾಂತಿಯ ಗಂಡ’.

ಕಾಂತಿಯ ಗಂಡ ಸುಮ್ಮನೆ ಕೂತವರಲ್ಲ. ವೀಳ್ಯದೆಲೆ ಮಾಡುತ್ತೇನೆಂದು ಹೋಗಿ ಒಂದು ಬೇಸಿಗೆ ಪೂರ್ತಿ ಕಾಳುಮೆಣಸಿನ ಬಳ್ಳಿಗೆ ನೀರು ಹೊತ್ತವರು. ಜೇನು ಸಾಕುತ್ತೇನೆಂದು ಹೋಗಿ, ಮುಖ ಹಲಸಿನ ಹಣ್ಣಿನಂತೆ ಬಾತು, ವಾರಗಟ್ಟಲೆ ಹೆಂಡತಿಯ ಕೈಯಿಂದ ಗಂಜಿ ಕುಡಿದವರು. ಇಷ್ಟೆಲ್ಲ ಆದ ಮೇಲೆ ಅವರು ಗದ್ದೆ ಕೇಳಿದಾಗಲೆಲ್ಲ ಶಂಭು ಶೆಟ್ಟರು ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸುತ್ತಿದ್ದರು. ಅದೇ ಉತ್ತರ.

ಆ ವರ್ಷ ಮಳೆಗಾಲದ ಬೆಳೆ ಕೊಯ್ದು ಗದ್ದೆಗಳು ಬರಿದಾದ ಮೇಲೆ ಮುಂಡಪ್ಪ ಶೆಟ್ಟರು ಲಾಟಾನಿನ ಬುರುಡೆ ತರಲು ಬೆಳ್ತಂಗಡಿಗೆ ಹೋದರು. ಪೇಟೆಯಲ್ಲಿ ಒಂದು ಚಪ್ಪರ, ಒಳಗೆ ರೈತರ ಸಭೆ. ಬಿಸಿಲಿಗೆ ನೆರಳು, ನೆರಳಿನಲ್ಲಿ ಅವಲಕ್ಕಿ, ಅವಲಕ್ಕಿಯ ಬೆನ್ನಿಗೆ ಕಾಫಿ. ಮೂರು ಲೋಕಗಳೂ ಒಂದೇ ಚಪ್ಪರದಡಿ ಸಿಕ್ಕಿದರೆ ಯಾವ ಜೀವ ತಾನೇ ಮುಂದೆ ನಡೆದೀತು? ಶೆಟ್ಟರು ಹಿಂದಿನ ಬೆಂಚಿನಲ್ಲಿ ಕೂತರು. ವೇದಿಕೆಯ ಮೇಲೆ ಮೈಸೂರು ಕಡೆಯ ಕೃಷಿ ಸಾಹೇಬರು ಮಾತಾಡುತ್ತಿದ್ದರು. ಅವರ ಮಾತಿನ ಅರ್ಧವನ್ನು ಮೈಕು ತಿಂದಿತು, ಉಳಿದರ್ಧವನ್ನು ಶೆಟ್ಟರ ಅವಲಕ್ಕಿ ತಿಂದಿತು. ಕಾಫಿಯ ಕೆಟಲು ಮಾತ್ರ ಅವರ ಸಾಲನ್ನು ಬಿಟ್ಟು ಮುಂದಿನ ಸಾಲಿಗೆ ಹೋಯಿತು. ಶೆಟ್ಟರು ಗಾಬರಿಯಿಂದ ಕೈ ಎತ್ತಿದರು.

ಸಾಹೇಬರು ಅದೇ ಗಳಿಗೆಯಲ್ಲಿ, “ಈ ಹೊಸ ಬೆಳೆಗೆ ಎದೆಯೊಡ್ಡುವ ಧೈರ್ಯವಂತ ರೈತರು ಈ ಸಭೆಯಲ್ಲಿ ಯಾರಿದ್ದೀರಿ?” ಎಂದು ಕೇಳಿದ್ದರು. ಚಪ್ಪರದಲ್ಲಿ ಎದ್ದಿದ್ದ ಕೈ ಒಂದೇ. ಅದೂ ಬೆರಳು ಆಡಿಸುತ್ತ, ಬೇಗ ಬೇಗ ಎಂದು ಕರೆಯುತ್ತಿದ್ದ ಕೈ.

“ನೋಡಿ, ಎಂಥ ಉತ್ಸಾಹ!” ಎಂದರು ಸಾಹೇಬರು. ಚಪ್ಪಾಳೆ ಬಿತ್ತು. ಕಾಫಿ ಬರಲಿಲ್ಲ, ಬೀಜದ ಚೀಲ ಬಂತು.

ಇನ್ನು ಚಪ್ಪಾಳೆ ಎಂಬುದು ಬಲು ಕೆಟ್ಟ ಪದಾರ್ಥ. ಹುಟ್ಟಿದಂದಿನಿಂದ ತನಗಾಗಿ ಯಾರೂ ಎರಡು ಕೈ ಸೇರಿಸದ ಮನುಷ್ಯನಿಗೆ ಅದು ಸಿಕ್ಕಿದರೆ, ಶೇಂದಿಗಿಂತ ಬೇಗ ತಲೆಗೆ ಏರುತ್ತದೆ. ಬಸ್ಸಿಳಿದು ಗುಡ್ಡೆ ದಾಟುವಷ್ಟರಲ್ಲಿ ಕಾಫಿಯ ವಿಷಯ ಶೆಟ್ಟರಿಗೇ ಮರೆತುಹೋಗಿತ್ತು.

“ಭಾವ,” ಎಂದರು ಜಗಲಿ ಹತ್ತುತ್ತಲೇ, “ಗೌರ್ಮೆಂಟು ನನ್ನನ್ನು ಆರಿಸಿದೆ.”

ಶಂಭು ಶೆಟ್ಟರು ಚೀಲವನ್ನು ನೋಡಿದರು. “ಎಂತಕ್ಕೆ?”

“ಬೆಳೆಸಲಿಕ್ಕೆ.”

“ಎಂತದನ್ನು?”

ಇದು ಶೆಟ್ಟರಿಗೂ ಗೊತ್ತಿರಲಿಲ್ಲ. ಹಿಂತಿರುಗಿ ಹೋಗಿ ಕೇಳೋಣವೆಂದರೆ, ಚಪ್ಪಾಳೆ ತೆಗೆದುಕೊಂಡ ಬಾಯಿಯಿಂದ ಕೇಳುವುದು ಹೇಗೆ? “ಅದು ಬೆಳೆದ ಮೇಲೆ ನೋಡುವ,” ಎಂದರು ಗಂಭೀರವಾಗಿ.

ಒಳಗಿನಿಂದ ದುಗ್ಗಮ್ಮ ಶೆಡ್ತಿ, “ಕೇಳುತ್ತಾನಲ್ಲ, ಕೊಡು ಶಂಭು. ಸರಕಾರವೇ ನಂಬಿದೆಯಂತೆ. ಸರಕಾರಕ್ಕಿಂತ ನೀನು ದೊಡ್ಡ ಜಾಣನಾ?” ಎಂದಳು.

ತಾಯಿಯ ಮಾತಿಗೆ ಎದುರಾಡುವ ಧೈರ್ಯ ಶಂಭು ಶೆಟ್ಟರಿಗಿರಲಿಲ್ಲ. “ಆಯಿತು. ನೇರಳಡಿ ಮಜಲು ಹೇಗೂ ಬೇಸಿಗೆಯಲ್ಲಿ ದನ ಮಲಗುವ ಗದ್ದೆ. ಅದರಲ್ಲಿ ಮಾಡು. ನಿನ್ನನ್ನು ಆರಿಸಿದ ಸಾಹೇಬರು ಇಲ್ಲಿಗೆ ಬಂದು ನೋಡಿ ಒಳ್ಳೆಯದಾಯಿತು ಅಂತ ಹೇಳಿದರೆ, ಅವತ್ತೇ ಹತ್ತು ಜನರ ಎದುರು ಗದ್ದೆ ನಿನ್ನ ಕೈಗೆ. ಹೇಳದಿದ್ದರೆ ಮರುದಿನವೇ ಬಂಟ್ವಾಳಕ್ಕೆ ಹೋಗಿ ಅಕ್ಕಿ ಮಿಲ್ಲಿನಲ್ಲಿ ಗೋಣಿ ಹೊಲಿಯಲಿಕ್ಕೆ ಸೇರು. ಶನಿವಾರ ಬಂದು ಆದಿತ್ಯವಾರ ಹೋಗು.”

ಕಾಂತಿ ಬಾಗಿಲ ಸಂದಿಯಿಂದ ಗಂಡನ ಮುಖ ನೋಡಿದಳು. ಅವಳಿಗೆ ಗೋಣಿಯ ಬಗ್ಗೆ ವಿರೋಧವಿರಲಿಲ್ಲ. ಶನಿವಾರ ಬಂದು ಆದಿತ್ಯವಾರ ಹೋಗುವ ಗಂಡನ ಬಗ್ಗೆ ಇತ್ತು.

ಶೆಟ್ಟರು ಬಿತ್ತಿದರು. ಕೆರೆಯಿಂದ ನೀರು ಬಿಟ್ಟರು. ಗಿಡ ಎದ್ದಿತು ನೋಡಿ! ವೀಳ್ಯದೆಲೆಗೆ, ಜೇನಿಗೆ, ಕೊನೆಗೆ ಸ್ವಂತ ಮೀಸೆಗೂ ಒಲಿಯದ ಭೂಮಿತಾಯಿ ಈ ಬೀಜಕ್ಕೆ ಒಲಿದುಬಿಟ್ಟಳು. ಮೊಣಕಾಲೆತ್ತರ, ಸೊಂಟದೆತ್ತರ, ಆಮೇಲೆ ಶೆಟ್ಟರ ಮೂಗಿನೆತ್ತರ. ಧನುರ್ಮಾಸ ದಾಟಿ ಮಕರ ಮಾಸ ಅರ್ಧವಾಗುವ ಹೊತ್ತಿಗೆ ಒಂದು ಬೆಳಗ್ಗೆ ನೇರಳಡಿ ಮಜಲು ಹಳದಿ ಹೂ ಮುಡಿದು ನಿಂತಿತು. ಮದುವೆ ಮನೆಯಲ್ಲಿ ಅರಸಿನ ಚೆಲ್ಲಿದ ಹಾಗೆ.

ಊರು ಗದ್ದೆಯಂಚಿನ ಕಟ್ಟಹುಣಿಯ ಮೇಲೆ ಸಾಲುಗಟ್ಟಿತು. ಇದೆಂಥ ಗಿಡ ಎಂಬುದು ಈಗ ತಪ್ಪಿಸಿಕೊಳ್ಳಲಾಗದ ಪ್ರಶ್ನೆ. ಅದಕ್ಕೆ ಉತ್ತರ ಹೇಳಿದವನು ದಿನಸಿ ಅಂಗಡಿಯ ಅಬ್ಬಾಸ್. ಅವನು ಸಾಮಾನಿಗಾಗಿ ಚಾರ್ಮಾಡಿ ಹತ್ತಿ ಘಟ್ಟದ ಮೇಲೆ ಹೋಗಿ ಬರುವ ಮನುಷ್ಯ, ಲೋಕ ಕಂಡವನು.

“ಇದು ತೊಗರಿ ಅಲ್ವಾ ಶೆಟ್ರೇ?” ಎಂದ ಅಬ್ಬಾಸ್. “ಮೇಲೆ ನಾನು ಲಾರಿಯಿಂದ ನೋಡಿದ್ದೇನೆ. ಇಷ್ಟೇ ಎತ್ತರ, ಹೀಗೇ ಹಳದಿ, ಅವರೆಯ ಹೂವಿನ ಹಾಗೇ ಮೂತಿ.”

ಶೆಟ್ಟರು ಒಂದು ಹೂವನ್ನು ಹತ್ತಿರ ಬಾಗಿಸಿ ನೋಡಿದರು. ತೊಗರಿ! ಹೌದಲ್ಲ! ಹೂ ಹಳದಿ, ಬೇಳೆ ಹಳದಿ. ಇನ್ನೆಂಥ ಸಾಕ್ಷಿ ಬೇಕು? ಕಲ್ಲಬೈಲಿನವರು ಒಡೆದ ಬೇಳೆಯನ್ನು ಮಾತ್ರ ಕಂಡವರು. ಇಡೀ ತೊಗರಿಯ ಮುಖವನ್ನಾಗಲಿ ಅದರ ತಂದೆತಾಯಿಯನ್ನಾಗಲಿ ಯಾರೂ ನೋಡಿರಲಿಲ್ಲ.

“ನಿನಗೆ ಈಗ ಗೊತ್ತಾದದ್ದಾ ಮಾರಾಯ?” ಎಂದರು ಶೆಟ್ಟರು. “ಸರಕಾರಿ ತೊಗರಿ ಇದು. ನೀನು ಇನ್ನು ಬೇಳೆಗಾಗಿ ಘಟ್ಟ ಹತ್ತಬೇಕಂತ ಇಲ್ಲ.”

ಮಾತು ಬಾಯಿಯಿಂದ ಹೊರಬಿದ್ದ ಮೇಲೆ ಮಾತಿನದೇ ಕಾಲು. ಸಂಜೆಯೊಳಗೆ ಊರೆಲ್ಲ ಸುದ್ದಿ. ಅಬ್ಬಾಸ್ ಅಂಗಡಿಯ ತೊಗರಿ ಡಬ್ಬ ಖಾಲಿಯಾದಾಗ ತುಂಬಿಸಲು ಹೋಗಲಿಲ್ಲ. “ಮುಂಡಪ್ಪಣ್ಣನದ್ದು ಬರುವುದುಂಟಲ್ಲ, ಅಷ್ಟರವರೆಗೆ ಹುರುಳಿ ತಿನ್ನಿ,” ಎಂದು ಗಿರಾಕಿಗಳಿಗೆ ಹುರುಳಿ ಅಳೆದ. ಎದುರಾದವರೆಲ್ಲ ಶೆಟ್ಟರಿಗೆ ಎಲೆಯಡಿಕೆ ಚಾಚತೊಡಗಿದರು. ಪೂಜೆಗೆ ಎರಡು ಹೂ ಕೊಯ್ಯಲು ಬಂದ ಹೆಂಗಸರನ್ನು ಶೆಟ್ಟರು, “ಒಂದು ಹೂ ಅಂದರೆ ಒಂದು ಕೋಡು! ನೀವು ದೇವರಿಗೆ ಹಾಕುವುದು ಹೂವಲ್ಲ, ನಮ್ಮ ಸಾರು!” ಎಂದು ಓಡಿಸಿದರು. ದೇವರು ಅದನ್ನೂ ಸಹಿಸಿದ. ಶಂಭು ಶೆಟ್ಟರು ಕೂಡ ದಿನಕ್ಕೊಮ್ಮೆ ಹುಣಿಯ ಮೇಲೆ ನಡೆದು, ಎಲೆಯಡಿಕೆಯನ್ನು ಕೆನ್ನೆ ಬದಲಿಸದೆ, ‘ಹೂಂ’ ಎನ್ನುವಷ್ಟಕ್ಕೆ ಬಂದರು.

ಇಂಥ ಸುಖದ ನಡುವೆ ಸೈಕಲ್ ಬೆಲ್ಲು ಕೇಳಿತು. ಗ್ರಾಮಸೇವಕ ಶೇಖರ. ಹಾವೇರಿ ಕಡೆಯ ಹುಡುಗ, ವರ್ಗವಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ನಮ್ಮ ಮೀನಿನ ವಾಸನೆಗೆ ಮೂಗು ಒಗ್ಗಿರಲಿಲ್ಲ, ನಮ್ಮ ಏರುದಾರಿಗೆ ಸೈಕಲ್ಲು ಒಗ್ಗಿರಲಿಲ್ಲ. ಗದ್ದೆ ಕಂಡವನೇ ಸೈಕಲ್ಲನ್ನು ಹುಣಿಗೆ ಎಸೆದ.

“ಯಪ್ಪಾ! ಏನ್ ಚಂದ ಬಂದೈತ್ರೀ ಶೆಟ್ರ! ಸಾಹೇಬ್ರು ನೋಡಿದ್ರ ಕುಣದಾಡ್ತಾರ. ಬರೋ ಶನಿವಾರ ಕರಕೊಂಡು ಬರ್ತೀನಿ. ನೇಗಿಲಾ, ಕ್ವಾಣಾ ಎಲ್ಲಾ ತಯಾರ್ ಇಟಗೊಳ್ರಿ.”

“ನೇಗಿಲು ಯಾಕೆ?”

“ಹೊಡಿಯಾಕ್ರೀ.”

“ಎಂತದನ್ನು?”

“ಇದನ್ನ!” ಶೇಖರ ಇಡೀ ಗದ್ದೆಯತ್ತ ಕೈ ಬೀಸಿದ. “ಹೂ ಬಂದಾಗ ಗಿಡಾ ಮಗಚಿ ಮಣ್ಣಾಗ ಮುಚ್ಚಬೇಕ್ರಿ. ಕೊಳೀತದ, ಗೊಬ್ಬರಾಗ್ತದ. ಸೆಣಬು ಅಂದ್ರ ಮತ್ತೇನ್ರೀ? ಸಭಾದಾಗ ಸಾಹೇಬ್ರು ಒಂದ್ ತಾಸು ಅದನ್ನ ಹೇಳಿದ್ರಂತಲ್ಲಾ?”

ಶೆಟ್ಟರು ಪಕ್ಕದ ನೇರಳೆ ಮರವನ್ನು ಹಿಡಿದುಕೊಂಡರು. “ಬೇಳೆ?” ಎಂದರು, ಸಾಯುವವನು ನೀರು ಕೇಳುವ ದನಿಯಲ್ಲಿ.

“ಯಾವ ಬ್ಯಾಳೀರಿ?”

“ಯಾವುದೂ ಇಲ್ಲ,” ಎಂದರು ಶೆಟ್ಟರು. “ಸುಮ್ಮನೆ ಕೇಳಿದೆ.”

ಸೈಕಲ್ಲು ಹೋದ ಮೇಲೆ ಶೆಟ್ಟರು ಹುಣಿಯ ಮೇಲೆ ಕುಸಿದರು. ಹೂಗಳು ಗಾಳಿಗೆ ತಲೆಯಾಡಿಸುತ್ತಿದ್ದವು. ಊರಿಗೆಲ್ಲ ಬೇಳೆ ತಿನ್ನಿಸುತ್ತೇನೆಂದವನು ಮಣ್ಣಿಗೆ ಸೊಪ್ಪು ತಿನ್ನಿಸಲು ಹೊರಟಿದ್ದ. ಅದೂ ಸಾಹೇಬರ ಸಮಕ್ಷಮ, ಭಾವನ ಸಮಕ್ಷಮ. ಉಳುಮೆ ಆಯಿತೋ, ಊರಿಗೆ ಗೊತ್ತಾಯಿತು; ಊರಿಗೆ ಗೊತ್ತಾಯಿತೋ, ಭಾವ ಗದ್ದೆ ಕೊಟ್ಟ ಹಾಗೇ. ಗೋಣಿ ಹೊಲಿಯುವ ದಪ್ಪ ಸೂಜಿ ಶೆಟ್ಟರ ಕಣ್ಣೆದುರು ಮಿನುಗಿತು.

ಮನೆಗೆ ಬಂದರೆ ಕಾಂತಿ ಅಕ್ಕಿ ಹುರಿಯುತ್ತಿದ್ದಳು, ಬೆಲ್ಲ ಪುಡಿ ಮಾಡಿಟ್ಟಿದ್ದಳು.

“ಎಂತ ವಿಶೇಷ?” ಎಂದರು ಶೆಟ್ಟರು ಸತ್ತ ದನಿಯಲ್ಲಿ.

“ಲೋಕದಲ್ಲಿ ಇದ್ದೀರಾ ನೀವು? ಶುಕ್ರವಾರ ಕೆಡ್ಡಸ ಹಿಡಿಯುವುದಲ್ವಾ? ನನ್ನೇರಿ ಮಾಡುವುದು ಬೇಡವಾ?”

ಕೆಡ್ಡಸ! ಮಕರ ಮಾಸದ ಕೊನೆಗೆ ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆ ಮೂರು ದಿನ ನೇಗಿಲು ಮಣ್ಣು ಮುಟ್ಟುವ ಹಾಗಿಲ್ಲ, ಹಾರೆ ಹಾಕುವ ಹಾಗಿಲ್ಲ, ಹಸಿರು ಕೊಯ್ಯುವ ಹಾಗಿಲ್ಲ. ಶುಕ್ರವಾರ ಮೊದಲನೆಯದು, ಶನಿವಾರ ನಡು ಕೆಡ್ಡಸ! ಈ ತುಳುನಾಡಿನಲ್ಲಿ ಆ ದಿನ ನೇಗಿಲು ಕಟ್ಟುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಶೆಟ್ಟರು ಎರಡೂ ಕೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಲೆಕ್ಕಾಚಾರ ತಲೆಯಲ್ಲಿ ತಾನಾಗಿ ಬಿಡಿಸಿಕೊಂಡಿತು: ಸಾಹೇಬರು ಬರುತ್ತಾರೆ, ಹೂ ನೋಡುತ್ತಾರೆ, ಭೇಷ್ ಎನ್ನುತ್ತಾರೆ, ಭಾವ ಗದ್ದೆ ಕೊಡುತ್ತಾನೆ. ಉಳುಮೆ ಸಾಧ್ಯವಿಲ್ಲ, ಜೀಪು ಹೋಗುತ್ತದೆ. ಬೇಳೆ ಬರಲಿಲ್ಲ ಎಂದು ಊರವರು ಆಮೇಲೆ ಕೇಳಿದರೆ ಹುಳಕ್ಕೆ ಬಾಯಿ ಇಲ್ಲ, ಅದರ ತಲೆಗೆ ಕಟ್ಟಿದರಾಯಿತು. ಗ್ರಾಮಸೇವಕನಿಗೆ ಕೆಡ್ಡಸದ ವಿಷಯ ಹೇಳಿ ದಿನ ಬದಲಿಸುವ ಸಜ್ಜನಿಕೆ ಮಾತ್ರ ಅವರ ಲೆಕ್ಕದಲ್ಲಿ ಇರಲಿಲ್ಲ.

“ಯಾಕೆ ನೆಲಕ್ಕೆ ಬಿದ್ದದ್ದು?” ಎಂದಳು ಕಾಂತಿ.

“ತಾಯಿ ದೊಡ್ಡವಳು ಮಾರಾಯ್ತಿ,” ಎಂದರು ಶೆಟ್ಟರು. ಭಕ್ತಿ ಎಂಬುದು ಎಲ್ಲಿಂದ ಹುಟ್ಟಿದರೇನು, ಭಕ್ತಿಯೇ.

ಶನಿವಾರ ಬಂತು. ನಡು ಕೆಡ್ಡಸದಂದು ಕೋವಿ ಹಿಡಿದು ಬೇಟೆಗೆ ಹೋಗಬೇಕಾಗಿದ್ದ ಗಂಡಸರೆಲ್ಲ ಜೀಪು ನೋಡುವ ಆಸೆಗೆ ಗದ್ದೆಯ ಬದಿಯಲ್ಲಿ ನಿಂತಿದ್ದರು. ಕಾಡುಹಂದಿಗಳಿಗೆ ಆ ವರ್ಷ ಸರಕಾರ ಕೊಟ್ಟ ರಜೆ. ಅಬ್ಬಾಸ್ ಅಂಗಡಿಗೆ ಅಡ್ಡ ಹಲಗೆ ಹಾಕಿ ಬಂದಿದ್ದ. ಊರಲ್ಲೇ ಗಟ್ಟಿ ಜೋಡಿ ಕೋಣಗಳಿದ್ದ ಹಾಜಬ್ಬ ಕೋಣಗಳನ್ನು ಮನೆಯಲ್ಲಿ ಬಿಟ್ಟು ತಾನೊಬ್ಬನೇ ಬಂದಿದ್ದ. ಶಂಭು ಶೆಟ್ಟರು ಜರಿ ಶಾಲು ಹೊದ್ದಿದ್ದರು. ಮುಂಡಪ್ಪ ಶೆಟ್ಟರು ಹೆಂಡತಿ ತೊಳೆದು ಕೊಟ್ಟ ಪಂಚೆಯಲ್ಲಿ, ಎಣ್ಣೆ ಹಚ್ಚಿದ ತಲೆಯಲ್ಲಿ, ಎಲ್ಲರಿಗಿಂತ ಮುಂದೆ.

ಜೀಪಿನಿಂದ ಸಾಹೇಬರು ಕೈಯಲ್ಲೊಂದು ಹಾರ ಹಿಡಿದು ಇಳಿದರು, ಅವರ ಹಿಂದೆ ಶೇಖರ. ಗದ್ದೆ ಕಂಡು ಅವರ ಬಾಯಿಗೆ ಮಾತು ಬರಲಿಲ್ಲ. ಬಂದಾಗ ಮೈಸೂರಿನ ಅಷ್ಟೂ ಸಂಸ್ಕೃತ ಒಟ್ಟಿಗೆ ಬಂತು.

“ಅದ್ಭುತ! ಅಮೋಘ! ಇಂಥ ಸಮೃದ್ಧಿಯನ್ನು ನಾನು ಇಡೀ ತಾಲೂಕಿನಲ್ಲಿ ಕಂಡಿಲ್ಲ. ಯಾರದು ಈ ಜಮೀನು?”

ಮುಂಡಪ್ಪ ಶೆಟ್ಟರು ಹಾರಕ್ಕೆ ಕೊರಳು ಚಾಚಿ ಒಂದು ಹೆಜ್ಜೆ ಮುಂದಿಟ್ಟರು. ಇಟ್ಟ ಹೆಜ್ಜೆಯ ಮುಂದೆ ಜರಿ ಶಾಲು ಬಂದು ನಿಂತಿತು.

“ನಮ್ಮದೇ ಸ್ವಾಮೀ,” ಎಂದರು ಶಂಭು ಶೆಟ್ಟರು. “ನಾನೇ ಹೇಳಿ ಮಾಡಿಸಿದ್ದು. ಈ ಗದ್ದೆಯ ಒಂದೊಂದು ಗಿಡದ ಹಿಂದೆಯೂ ನಾನಿದ್ದೇನೆ.”

“ನಿಮ್ಮಂಥವರು ನಾಡಿಗೆ ಬೇಕು!” ಎಂದ ಸಾಹೇಬರು ಹಾರವನ್ನು ಶಂಭು ಶೆಟ್ಟರ ಕೊರಳಿಗೆ ಹಾಕಿದರು. ಚಪ್ಪಾಳೆ ಬಿತ್ತು. ಮುಂಡಪ್ಪ ಶೆಟ್ಟರ ಕೊರಳು ಚಾಚಿದ್ದು ಚಾಚಿದ ಹಾಗೇ ಉಳಿಯಿತು, ಕೊಕ್ಕರೆಯದಂತೆ.

“ಭಾವ,” ಎಂದರು ಮೆಲ್ಲಗೆ, “ಸಾಹೇಬರು ಹೇಳಿಯಾಯಿತಲ್ಲ. ಹತ್ತು ಜನರೂ ಇದ್ದಾರೆ. ಗದ್ದೆ...”

“ಯಾವ ಗದ್ದೆ?” ಎಂದರು ಶಂಭು ಶೆಟ್ಟರು ಹಾರ ಸರಿಪಡಿಸಿಕೊಳ್ಳುತ್ತ. “ಇಂಥ ಬೆಳೆ ಬರುವ ಗದ್ದೆಯನ್ನು ಯಾರಾದರೂ ಬಿಡುತ್ತಾರಾ ಮಾರಾಯ? ನೀನು ಬಂಟ್ವಾಳಕ್ಕೆ ಹೋಗುವುದೇ ಒಳ್ಳೆಯದು.”

ಸೋತರೆ ಮಿಲ್ಲು ಎಂದು ಗೊತ್ತಿತ್ತು. ಗೆದ್ದರೂ ಮಿಲ್ಲು ಎಂದು ಶೆಟ್ಟರಿಗೆ ಈಗ ಗೊತ್ತಾಯಿತು.

ಸಾಹೇಬರು ಕೈ ಕೈ ತಿಕ್ಕಿದರು. “ಸರಿ, ಉಳುಮೆ ಪ್ರಾರಂಭಿಸೋಣ. ಕೋಣಗಳು ಎಲ್ಲಿ?”

ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಡು ಕೆಡ್ಡಸದ ದಿನ ಉಳುಮೆ! ಎಲ್ಲಿ, ಯಾಕೆ ಎಂದು ಕೇಳುವುದು ಕೂಡ ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಈ ಮನುಷ್ಯನಿಗೆ ಹೇಳುವವರು ಯಾರು? ಹೇಳುವುದಾದರೂ ಹೇಗೆ? ತುಳುವಿನಲ್ಲಿ ಮನೆಯೊಳಗೆ ಆಡುವ ಮಾತು. ಪರವೂರಿನ ದೊಡ್ಡ ಮನುಷ್ಯರಿಗೆ, ಶಾಲೆಯ ಕನ್ನಡದಲ್ಲಿ, ಹೆಂಗಸರು ಕೇಳುವಾಗ ಹೇಳಲಿಕ್ಕಾಗುತ್ತದೆಯೇ?

“ಇವತ್ತು ಆಗುವುದಿಲ್ಲ ಸ್ವಾಮೀ,” ಎಂದರು ಶಂಭು ಶೆಟ್ಟರು.

“ಯಾಕೆ?”

“ಅದು... ಹಾಗೆಯೇ. ಅಬ್ಬಾಸ್ ಹೇಳ್ತಾನೆ.”

ಅಬ್ಬಾಸ್ ಬೆಚ್ಚಿದ. “ನಾನು ಅಂಗಡಿಯವ ಸ್ವಾಮೀ. ಉಳುವ ವಿಷಯ ಕೋಣ ಇರುವ ಹಾಜಬ್ಬನಿಗೆ ಗೊತ್ತು.”

“ಯಾರಪ್ಪ ಹಾಜಬ್ಬ? ನಿನ್ನ ಹತ್ತಿರ ಕೋಣ ಇದೆಯಂತಲ್ಲ, ತಾ.”

ಹಾಜಬ್ಬ ತಲೆಯ ಮುಂಡಾಸು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. “ಕೋಣ ಉಂಟು ಸ್ವಾಮೀ. ಬರುವುದಿಲ್ಲ.”

“ಯಾಕೆ ಬರುವುದಿಲ್ಲ?”

“ಅವು ಕರು ಆಗಿದ್ದಾಗಿನಿಂದ ಈ ಮೂರು ದಿನ ಉಳಲಿಲ್ಲ. ನನ್ನ ಅಜ್ಜನೂ ಉಳಲಿಲ್ಲ, ಅವನ ಕೋಣವೂ ಉಳಲಿಲ್ಲ. ಇವತ್ತು ನೊಗ ತೋರಿಸಿದರೆ ನನ್ನನ್ನೇ ಹಾಯ್ತಾವೆ. ನನಗಿಂತ ಅವಕ್ಕೆ ಮರ್ಯಾದೆ ಜಾಸ್ತಿ.”

“ಯಾವ ಮೂರು ದಿನ? ಏನು ಮರ್ಯಾದೆ?”

“ಅದು ಶೆಟ್ಟರು ಹೇಳಬೇಕು,” ಎಂದು ಹಾಜಬ್ಬ ಮುಂಡಾಸನ್ನು ಮತ್ತೆ ತಲೆಗೆ ಸುತ್ತಿದ. ಪ್ರಶ್ನೆ ಒಂದು ಸುತ್ತು ಹೊಡೆದು ಹೊರಟಲ್ಲಿಗೇ ಬಂತು. ಶಂಭು ಶೆಟ್ಟರು ಆಕಾಶ ನೋಡಿದರು. ಎಲ್ಲರೂ ಆಕಾಶ ನೋಡಿದರು. ಸಾಹೇಬರೂ ಒಮ್ಮೆ ನೋಡಿದರು; ಅಲ್ಲಿ ಏನೂ ಇರಲಿಲ್ಲ.

ಸಾಹೇಬರ ಮುಖ ಬಿಗಿಯಿತು. ಅವರಿಗೆ ಅರ್ಥವಾದದ್ದು ಬೇರೆ. “ತಿಳಿಯಿತು. ನೇಗಿಲು ಹಿಡಿದರೆ ಸಣ್ಣವರಾಗುತ್ತೇವೆ ಎಂಬ ಭಾವನೆ! ಶೇಖರ್, ಎಲ್ಲಿಂದಲಾದರೂ ಒಂದು ಹಾರೆ ತಾ. ಈ ನಾಡಿನಲ್ಲಿ ದುಡಿಮೆಗಿಂತ ದೊಡ್ಡ ದೇವರಿಲ್ಲ ಅಂತ ನಾನೇ ತೋರಿಸುತ್ತೇನೆ.”

ನೋಡನೋಡುತ್ತ ಸಾಹೇಬರು ಬೂಟು ಕಳಚಿದರು. ಕಾಲುಚೀಲ ಕಳಚಿದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರು. ಬಿಳಿಯ ಒಂದು ಕಾಲು ಹುಣಿಯಿಂದ ಎದ್ದು ಗದ್ದೆಯ ಮೇಲೆ ತೂಗಿತು.

“ಕಾಲು ಮೇಲೆಯೇ ಇರಲಿ ದೊರೆಗಳೇ!”

ದುಗ್ಗಮ್ಮ ಶೆಡ್ತಿ. ಹೆಂಗಸರ ಗುಂಪನ್ನು ಸೀಳಿಕೊಂಡು, ಊರುಗೋಲು ಕುಟ್ಟದೆ, ಎತ್ತಿ ಹಿಡಿದು ಬಂದಳು. ಆ ಮೂರು ದಿನ ಅವಳು ನೆಲಕ್ಕೆ ಊರುಗೋಲನ್ನೂ ಕುಟ್ಟುತ್ತಿರಲಿಲ್ಲ.

“ಈ ಗಂಡಸರಿಗೆ ನಾಲಗೆ ಇಲ್ಲ. ನಾನು ಹೇಳ್ತೇನೆ. ಭೂಮಿ ಮುಟ್ಟಾಗಿದ್ದಾಳೆ. ಇವತ್ತು ಎರಡನೆಯ ದಿನ. ವರ್ಷವಿಡೀ ನಿಮ್ಮನ್ನೂ ನಿಮ್ಮ ಜೀಪನ್ನೂ ಹೊರುತ್ತಾಳೆ. ಮೂರು ದಿನ ಮಲಗಲಿಕ್ಕೆ ಅವಳಿಗೆ ಬಿಡ್ತೀರೋ, ಇಲ್ಲ ಅದಕ್ಕೂ ನಿಮ್ಮ ಸಹಿ ಬೇಕೋ? ನಿಮ್ಮ ಮನೆಯಲ್ಲಿ ಹೆಂಗಸರಿಲ್ವಾ?”

ಸಾಹೇಬರು ಒಂಟಿ ಕಾಲಿನಲ್ಲಿ ನಿಂತಿದ್ದರು. ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪಾಯಿತು. ಸರಕಾರದ ಒಂದು ಕಾಲು ಅಷ್ಟು ಮರ್ಯಾದೆಯಿಂದ ಹಿಂದಕ್ಕೆ ಬಂದದ್ದನ್ನು ಕಲ್ಲಬೈಲು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

“ಕ್ಷಮಿಸಬೇಕು ತಾಯೀ,” ಎಂದರು. ಒಳ್ಳೆಯ ಮನುಷ್ಯ, ಕೈ ಮುಗಿದೇ ಹೇಳಿದರು. “ಗೊತ್ತಿರಲಿಲ್ಲ. ಮೂರು ದಿನ ಕಳೆಯಲಿ, ಅವಸರವಿಲ್ಲ. ನಾಲ್ಕನೆಯ ದಿನ ಉಳುಮೆ ಮಾಡಿದರಾಯಿತು. ಹೂವಿನಲ್ಲಿರುವಾಗ ಈ ಗಿಡಗಳನ್ನು ಮಗುಚಿ ಮಣ್ಣಿಗೆ ಸೇರಿಸಬೇಕು, ಅಷ್ಟೇ.”

ಮುಂಡಪ್ಪ ಶೆಟ್ಟರು ಕಣ್ಣು ಮುಚ್ಚಿದರು.

“ಯಾವ ಗಿಡವನ್ನು ಸ್ವಾಮೀ?” ಎಂದ ಅಬ್ಬಾಸ್.

“ಇದನ್ನೇ. ಇದು ಸೆಣಬು. ಹಸಿರು ಗೊಬ್ಬರಕ್ಕೆಂದೇ ಬೆಳೆಸುವುದು. ಇಡೀ ಬೆಳೆಯನ್ನು ಭೂಮಿಗೇ ಉಣಿಸಿಬಿಡುವುದು.”

“ಆಗ ಬೇಳೆ?”

“ಯಾವ ಬೇಳೆ?”

ಅಬ್ಬಾಸ್ ಗದ್ದೆಯನ್ನು ನೋಡಿದ, ಸಾಹೇಬರನ್ನು ನೋಡಿದ. ಅಂಗಡಿಯ ಖಾಲಿ ಡಬ್ಬ ಅವನ ಕಣ್ಣಲ್ಲಿ ತೇಲಿತು. “ತೊಗರಿ ಬೇಳೆ ಸ್ವಾಮೀ! ಈ ಊರು ಇಷ್ಟು ದಿನ ಹುರುಳಿ ತಿಂದು ಕಾಯ್ತಾ ಉಂಟಲ್ಲ!”

“ಇದರಲ್ಲಿ ತೊಗರಿಯೇ?” ಸಾಹೇಬರು ನಕ್ಕುಬಿಟ್ಟರು. “ಇದರ ಕಾಳು ದನಕ್ಕೂ ಹಾಕಬಾರದಪ್ಪ.”

ಆಮೇಲೆ ಹಾಜಬ್ಬನ ಹೊಟ್ಟೆಯೊಳಗಿನಿಂದ ಒಂದು ಸದ್ದು ಹೊರಟಿತು. ಅಲ್ಲಿಂದ ಅದು ಹೆಂಗಸರಿಗೆ ಹಬ್ಬಿ, ಹುಣಿಯುದ್ದಕ್ಕೂ ಓಡಿ, ಜೀಪಿನ ಡ್ರೈವರನನ್ನೂ ಬಿಡಲಿಲ್ಲ. ಜನ ಒಬ್ಬರ ಭುಜ ಒಬ್ಬರು ಹಿಡಿದು ನಕ್ಕರು. ನಗುತ್ತ ನಗುತ್ತ ಎಲ್ಲರ ಕಣ್ಣೂ ಹಾರ ಹಾಕಿಕೊಂಡಿದ್ದ ಕೊರಳಿನ ಮೇಲೆ ಬಂದು ನಿಂತಿತು.

“ಶಂಭು ಶೆಟ್ರೇ,” ಎಂದ ಅಬ್ಬಾಸ್ ಕಣ್ಣೊರೆಸಿಕೊಳ್ಳುತ್ತ, “ಒಂದೊಂದು ಗಿಡದ ಹಿಂದೆಯೂ ನೀವೇ ಇದ್ದದ್ದಲ್ವಾ? ಎಷ್ಟು ಚೆನ್ನಾಗಿ ಗೊಬ್ಬರ ಬೆಳೆಸಿದ್ದೀರಿ!”

“ಯಜಮಾನರ ತೊಗರಿ ಸಾರು ಭೂಮಿಯೇ ಉಂಡಿತು!” ಎಂದಿತು ಹಿಂದಿನಿಂದ ಇನ್ನೊಂದು ದನಿ.

ಶಂಭು ಶೆಟ್ಟರ ಎಲೆಯಡಿಕೆ ಮೊದಲ ಬಾರಿಗೆ ಗಂಟಲಿಗೆ ಇಳಿಯಿತು. ಕೆಮ್ಮುತ್ತ ಹಾರ ಕಿತ್ತರು. ಕೊಕ್ಕರೆಯಂತೆ ಚಾಚಿಯೇ ಇದ್ದ ಮುಂಡಪ್ಪ ಶೆಟ್ಟರ ಕೊರಳಿಗೆ ಅದನ್ನು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಊರು ಕೇಳುವಂತೆ ಕೂಗಿದರು: “ನನ್ನದಲ್ಲ! ಇವನದ್ದು! ಬೀಜ ತಂದವನೂ ಇವನೇ, ಬಿತ್ತಿದವನೂ ಇವನೇ. ಈ ಗದ್ದೆಗೂ ನನಗೂ ಸಂಬಂಧ ಇಲ್ಲ. ಗದ್ದೆ ಮುಂಡಪ್ಪನದ್ದು!”

ನಗು ಇನ್ನೂ ಇಳಿದಿರಲಿಲ್ಲ. ದುಗ್ಗಮ್ಮ ಶೆಡ್ತಿ ಕೈ ಎತ್ತಿದಳು.

“ನನಗೆ ಕಿವಿ ಮಂದ. ಇನ್ನೊಮ್ಮೆ ಹೇಳು ಮಗಾ.”

“ಗದ್ದೆ ಮುಂಡಪ್ಪನದ್ದು ಅಮ್ಮ! ನನ್ನದಲ್ಲ!”

“ಆಯಿತು,” ಎಂದಳು ಮುದುಕಿ. “ಹತ್ತು ಜನ ಕೇಳಿದರು. ಮೈಸೂರಿನವರೂ ಕೇಳಿದರು. ಕೆಡ್ಡಸದ ದಿನ ಬೇರೆ. ಮಲಗಿಕೊಂಡಿದ್ದಾಳಲ್ಲ, ಅವಳೂ ಕೇಳಿಸಿಕೊಂಡಳು. ಇನ್ನು ಮಾತು ತಿರುಗಿಸಿದರೆ ನೋಡು.”

ಶಂಭು ಶೆಟ್ಟರಿಗೆ ತಾನು ಏನು ಹೇಳಿದೆನೆಂದು ಗೊತ್ತಾದದ್ದು ಆಗ. ಬಾಯಿ ತೆರೆದರು, ಅಷ್ಟು ಜನರ ಎದುರು ಏನು ಹೇಳಿದರೂ ಗೊಬ್ಬರದ ಯಜಮಾನಿಕೆ ಮತ್ತೆ ಕೊರಳಿಗೆ ಬೀಳುವುದು ಖಂಡಿತ. ಮುಚ್ಚಿದರು.

ಬಾಯಿ ತೆರೆದವರು ಮುಂಡಪ್ಪ ಶೆಟ್ಟರು. ಹಾರದ ಭಾರಕ್ಕೆ ಅವರಿಗೆ ಸತ್ಯ ಹೇಳುವ ಹುಕಿ ಬಂದಿತ್ತು. “ನಿಜ ಹೇಳಬೇಕೆಂದರೆ ಸ್ವಾಮೀ, ಅವತ್ತು ಸಭೆಯಲ್ಲಿ ನಾನು ಕೈ ಎತ್ತಿದ್ದು ಕಾ...”

“ಕೈ ಮುಗಿದು ನಿಲ್ಲಿ,” ಎಂದಳು ಕಾಂತಿ ಹಿಂದಿನಿಂದ, ಹಲ್ಲಿನ ಸಂದಿಯಲ್ಲಿ. “ಇನ್ನೊಂದು ಮಾತು ಆಡಿದರೆ ಗೋಣಿ ನಾನೇ ಹೊಲಿಸ್ತೇನೆ.” ಶೆಟ್ಟರು ಕೈ ಮುಗಿದು ನಿಂತರು.

ನಾಲ್ಕನೆಯ ದಿನ ಬೆಳಗ್ಗೆ ಹೆಂಗಸರು ಅಂಗಳದಲ್ಲಿ ನೆಲ ಸಾರಿಸಿ, ಭೂಮಿಗೆ ಎಣ್ಣೆ ಎರೆದು, ಅರಸಿನ ಕುಂಕುಮ ಇಟ್ಟು ನಮಸ್ಕರಿಸಿದರು. ಹಾಜಬ್ಬನ ಕೋಣಗಳು ತಾವಾಗಿಯೇ ನೊಗಕ್ಕೆ ಕೊರಳು ಕೊಟ್ಟವು. ಹಳದಿ ಹೂವೆಲ್ಲ ಮಣ್ಣಿನಡಿಗೆ ಹೋಗುವುದನ್ನು ಶೆಟ್ಟರು ನೇರಳೆ ಮರದ ಹಿಂದೆ ನಿಂತು, ನೋಡಲಾರದೆ, ನೋಡಿದರು. ಅಬ್ಬಾಸ್ ಬೇಳೆ ತರಲು ಘಟ್ಟ ಹತ್ತಿದ. ಎರಡು ವಾರ ಅವನು ಶೆಟ್ಟರೊಡನೆ ಮಾತಾಡಲಿಲ್ಲ.

ಮಳೆಗಾಲ ಬಂತು. ನೇರಳಡಿ ಮಜಲಿನ ಪೈರು ಕಪ್ಪು ಹಸಿರಾಗಿ, ಪಕ್ಕದ ಗದ್ದೆಗಳಿಗಿಂತ ಒಂದು ಗೇಣು ಮೇಲೆದ್ದು ನಿಂತಿತು. ತೆನೆ ಬಾಗಿದ ಮೇಲೆ ಹುಣಿಯಲ್ಲಿ ಹೋಗುವವರೆಲ್ಲ ನಿಂತು ನೋಡತೊಡಗಿದರು. ಶಂಭು ಶೆಟ್ಟರು ಈಗ ದಿನಾ ಅಲ್ಲೇ ಕಾಣಿಸುತ್ತಿದ್ದರು. ಒಂದು ಸಂಜೆ ಅಬ್ಬಾಸ್ ಬಂದು ನಿಂತಾಗ ಅವರಿಗೆ ತಡೆಯಲಾಗಲಿಲ್ಲ.

“ಗದ್ದೆ ಅವನದ್ದೇ, ನಾನು ಇಲ್ಲ ಅಂತ ಹೇಳುವುದಿಲ್ಲ,” ಎಂದರು ಎಲೆಯಡಿಕೆ ಉಗಿದು. “ಆದರೆ ಇದರ ಹಿಂದೆ ಒಂದು ಬುದ್ಧಿ ಉಂಟಲ್ಲ ಅಬ್ಬಾಸ್, ಅದು ಯಾರದ್ದು ಹೇಳು?”

ಅಬ್ಬಾಸ್ ಒಂದು ತೆನೆ ಬಾಗಿಸಿ ಕಾಳು ಒತ್ತಿ ನೋಡಿದ.

“ಅದಕ್ಕೆ ಇನ್ನೂ ಯಜಮಾನ ಸಿಕ್ಕಲಿಲ್ಲ ಶೆಟ್ರೇ,” ಎಂದ.